ಸಿನಿಬೆಂಚ್ ಪಾಸಾಗುತ್ತೆ, ಯೂಟ್ಯೂಬ್ ನೋಡುವಾಗ ರೀಸ್ಟಾರ್ಟ್ ಆಗುತ್ತೆ! 5600ಎಕ್ಸ್ ಓವರ್‌ಕ್ಲಾಕ್‌ಗೆ ಸಹಾಯ ಬೇಕು

ಬಿಸಿಲೂರು:

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ಏನಾದರೂ ಪೆದ್ದುತನ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನದು ಎಎಂಡಿಯ ಆರು ಕೋರ್ ಪ್ರೊಸೆಸರ್ ರೈಜೆನ್ 5 5600ಎಕ್ಸ್, ಬಿ550 ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 3200 ರ್‍ಯಾಮ್, 650 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ಕೂಲರ್ ಮಾತ್ರ ಪ್ರೊಸೆಸರ್ ಡಬ್ಬದಲ್ಲೇ ಬಂದಿದ್ದ ಪುಟ್ಟ ವ್ರೇತ್ ಸ್ಟೆಲ್ತ್. ಊರು ರಾಯಚೂರು. ಮಧ್ಯಾಹ್ನ ರೂಮಿನಲ್ಲೇ 37-38 ಡಿಗ್ರಿ. ಎಸಿ ಇಲ್ಲ, ನಮ್ಮಲ್ಲಿ ಕೂಲರ್ ಅಂದ್ರೆ ಕಿಟಕಿಗೆ ಇಡುವ ನೀರಿನ ಕೂಲರ್ ಅಷ್ಟೇ.

ಕೆಲಸ ಮದುವೆ ವಿಡಿಯೊ ಎಡಿಟಿಂಗ್, ರಾತ್ರಿ ಸ್ವಲ್ಪ ಗೇಮ್. ರೆಂಡರ್ ಬೇಗ ಮುಗಿಯಲಿ ಅಂತ ಆಸೆಪಟ್ಟು ಬಯಾಸ್ (ಬೋರ್ಡಿನ ಸೆಟ್ಟಿಂಗ್ ಪರದೆ) ಒಳಗೆ ಕೈ ಹಾಕಿ, ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸಲು, ಅಂದರೆ ಓವರ್‌ಕ್ಲಾಕ್ ಮಾಡಲು ಹೊರಟೆ. ಮೊದಲು ಎಲ್ಲ ಕೋರ್‌ಗೂ 4.7 ಗಿಗಾಹರ್ಟ್ಜ್, 1.375 ವೋಲ್ಟ್ ಕೊಟ್ಟೆ. ಪ್ರೊಸೆಸರ್ ವೇಗ ಅಳೆಯುವ ಸಿನಿಬೆಂಚ್ ಒತ್ತಿ ಚಹಾ ತರಲು ಹೋದವನು ವಾಪಸ್ ಬರುವಷ್ಟರಲ್ಲಿ ಸ್ಕ್ರೀನ್ ಕಪ್ಪು. ಮತ್ತೆ ಹಾಕಿ ಎದುರಿಗೇ ಕೂತು ನೋಡಿದೆ, ಒಂದು ನಿಮಿಷದೊಳಗೆ 95 ಡಿಗ್ರಿ. ಹೆದರಿ ತೆಗೆದೆ.

ಆಮೇಲೆ ಒಂದು ವಿಡಿಯೊ ನೋಡಿ ಪಿಬಿಒ (ಎಎಂಡಿಯದೇ ಓವರ್‌ಕ್ಲಾಕ್ ಸೌಲಭ್ಯ) ಆನ್ ಮಾಡಿ, ಬೂಸ್ಟ್‌ಗೆ +200 ಮೆಗಾಹರ್ಟ್ಜ್ ಹಾಕಿ, ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಜರ್‌ನಲ್ಲಿ ಎಲ್ಲ ಕೋರ್‌ಗೂ -30 ಕೊಟ್ಟೆ. ಈಗ ಸಿನಿಬೆಂಚ್ ಆರ್23 ಹತ್ತು ನಿಮಿಷ ಓಡುತ್ತದೆ, ಬಿಸಿ ಮಾತ್ರ 94-95ರಲ್ಲೇ ನಿಂತಿರುತ್ತದೆ. ಆದರೆ ಬ್ರೌಸರ್ ತೆರೆದು ಸುಮ್ನೆ ಕೂತಾಗ, ಯೂಟ್ಯೂಬ್‌ನಲ್ಲಿ ಹಾಡು ಕೇಳುವಾಗ, ಟಪ್ ಅಂತ ರೀಸ್ಟಾರ್ಟ್. ಬ್ಲೂ ಸ್ಕ್ರೀನ್ ಕೂಡ ಬರುವುದಿಲ್ಲ. ಎರಡು ದಿನದಲ್ಲಿ ಮೂರು ಸಲ ಆಯಿತು. ವಿಂಡೋಸ್‌ನ ದಾಖಲೆ ಪಟ್ಟಿ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಂತ ತೋರಿಸುತ್ತದೆ. 'ಪವರ್' ಅಂತ ಇದೆಯಲ್ಲ, ಎಸ್‌ಎಂಪಿಎಸ್ ಹೋಗಿದೆ, ಹೊಸದು ತಗೊಳ್ಳಿ ಅಂದರು ಅಂಗಡಿಯವರು. ತಗೊಳ್ಳಲಾ? ಇಲ್ಲ ಬಿಸಿಗೆ ಹೀಗಾಗುತ್ತಿದೆಯಾ? ಬಿಸಿ ಅಂದರೆ ಭಾರದ ಕೆಲಸದಲ್ಲಿ ಆಗಬೇಕು, ಖಾಲಿ ಕೂತಾಗ ಯಾಕೆ ಅನ್ನುವುದೇ ನನಗೆ ತಿಳಿಯುತ್ತಿಲ್ಲ.


ಆರನೇ ಕೋರ್:

ಎಸ್‌ಎಂಪಿಎಸ್‌ಗೆ ಸದ್ಯಕ್ಕೆ ದುಡ್ಡು ಹಾಕಬೇಡಿ. ನಿಮಗಿರುವುದು ಎರಡು ಬೇರೆ ಬೇರೆ ತೊಂದರೆ, ನೀವು ಎರಡನ್ನೂ ಒಂದೇ ಗಂಟು ಕಟ್ಟಿದ್ದೀರಿ. 95 ಡಿಗ್ರಿ ಒಂದು. ಖಾಲಿ ಕೂತಾಗ ಬೀಳುವುದು ಇನ್ನೊಂದು, ಅದಕ್ಕೂ ಬಿಸಿಗೂ ಸಂಬಂಧ ಇಲ್ಲ.

ಕರ್ನಲ್-ಪವರ್ 41 ಅಂದರೆ 'ಹೋದ ಸಲ ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ' ಅಂತ ಮಾತ್ರ. ಕರೆಂಟ್ ಹೋದರೂ ಅದೇ, ಮಗು ಬಂದು ಪ್ಲಗ್ ಕಿತ್ತರೂ ಅದೇ. ಅದೇ ಪಟ್ಟಿಯಲ್ಲಿ ಸ್ವಲ್ಪ ಮೇಲೆ ಕೆಳಗೆ ಹುಡುಕಿ, ಡಬ್ಲ್ಯುಎಚ್‌ಇಎ-ಲಾಗರ್ 18 ಅಂತ ಇರಬೇಕು, ಅದು ಹಾರ್ಡ್‌ವೇರ್ ತಪ್ಪಿನ ದಾಖಲೆ. ಅದರೊಳಗೆ ಪ್ರೊಸೆಸರ್ ಎಪಿಐಸಿ ಐಡಿ ಅಂತ ಒಂದು ನಂಬರ್ ಇರುತ್ತದೆ. ನಿಮ್ಮ ಚಿಪ್‌ನಲ್ಲಿ ಒಂದು ಕೋರ್‌ಗೆ ಎರಡು ಥ್ರೆಡ್, ಹಾಗಾಗಿ ಆ ನಂಬರನ್ನು ಎರಡರಿಂದ ಭಾಗಿಸಿ. 4 ಅಥವಾ 5 ಅಂತ ಇದ್ದರೆ ಬಿದ್ದಿರುವುದು ಕೋರ್ 2, ಸೊನ್ನೆಯಿಂದ ಎಣಿಸಿದರೆ. ಮೂರು ಸಲವೂ ಒಂದೇ ಕೋರ್ ಬಂದಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಖಾಲಿ ಕೂತಾಗ ಯಾಕೆ ಅಂದರೆ, ಸಿನಿಬೆಂಚ್‌ನಲ್ಲಿ ಆರೂ ಕೋರ್ ಒಟ್ಟಿಗೆ ದುಡಿಯುತ್ತವೆ, ನಿಮ್ಮಲ್ಲಂತೂ 95 ಡಿಗ್ರಿಯ ಗೋಡೆ ಅಡ್ಡ ಬರುವುದರಿಂದ ಕ್ಲಾಕ್ ತಾನಾಗೇ 4.4-4.5ರ ಸುತ್ತ ಉಳಿಯುತ್ತದೆ. ಬ್ರೌಸರ್‌ನಲ್ಲಿ ಹಾಗಲ್ಲ. ಯಾವುದೋ ಒಂದೇ ಕೋರ್‌ಗೆ ಚಿಟಿಕೆಯಷ್ಟು ಕೆಲಸ ಬರುತ್ತದೆ, ಬೇರೆಲ್ಲ ಮಲಗಿರುತ್ತವೆ, ಜಾಗ ಖಾಲಿ ಇದೆ ಅಂತ ಅದು ಒಂದು ಕ್ಷಣ ತುತ್ತತುದಿಗೆ ಜಿಗಿಯುತ್ತದೆ. ನೀವು +200 ಬೇರೆ ಕೊಟ್ಟಿದ್ದೀರಿ, ಅಂದರೆ 4.85ರ ತನಕ. ಆ ಎತ್ತರದಲ್ಲೇ ವೋಲ್ಟೇಜ್ ಎಲ್ಲಕ್ಕಿಂತ ಜಾಸ್ತಿ ಬೇಕಾಗುವುದು. ನೀವು -30 ಕೊಟ್ಟು ಅಲ್ಲೇ ಕತ್ತರಿ ಹಾಕಿದ್ದೀರಿ. ಕರ್ವ್ ಆಪ್ಟಿಮೈಜರ್‌ನ ಒಂದು ಹೆಜ್ಜೆ ಸುಮಾರು 3ರಿಂದ 5 ಮಿಲಿವೋಲ್ಟ್, ಮೂವತ್ತು ಹೆಜ್ಜೆ ಅಂದರೆ 90ರಿಂದ 150. ಬೆಟ್ಟ ಹತ್ತುವವನ ಬುತ್ತಿ ಕಿತ್ತುಕೊಂಡ ಹಾಗೆ.

ಹೀಗೆ ಮಾಡಿ. +200 ತೆಗೆದು ಸೊನ್ನೆಗೆ ತನ್ನಿ. ಎಲ್ಲ ಕೋರ್‌ಗೂ -10 ಹಾಕಿ ಎರಡು ದಿನ ಸುಮ್ನೆ ಬಳಸಿ. ಬೀಳದಿದ್ದರೆ ಕೋರ್‌ಸೈಕ್ಲರ್ ಇಳಿಸಿಕೊಳ್ಳಿ, ಉಚಿತ. ಅದು ಲೆಕ್ಕ ಹಾಕಿಸಿ ಪರೀಕ್ಷಿಸುವ ಪ್ರೈಮ್95 ಅನ್ನು ಒಂದೊಂದೇ ಕೋರ್ ಮೇಲೆ ಓಡಿಸುತ್ತದೆ, ಯಾವುದು ತಪ್ಪು ಲೆಕ್ಕ ಕೊಟ್ಟಿತು ಅಂತ ಹೆಸರು ಹಿಡಿದು ಹೇಳುತ್ತದೆ. ಎಸ್‌ಎಸ್‌ಇ ಮೋಡ್‌ನಲ್ಲೇ ಬಿಡಿ, ಎವಿಎಕ್ಸ್ ಬೇಡ. ಎವಿಎಕ್ಸ್ ಭಾರ ಜಾಸ್ತಿ ಹಾಕಿ ಕ್ಲಾಕ್ ಇಳಿಸುತ್ತದೆ, ನಮಗೆ ಬೇಕಾಗಿರುವುದು ಹಗುರ ಭಾರದಲ್ಲಿ ಎತ್ತರಕ್ಕೆ ಹಾರಿದಾಗ ನಿಲ್ಲುತ್ತದಾ ಅನ್ನುವುದು. ರಾತ್ರಿಯಿಡೀ ಬಿಡಿ. ಪಾಸಾದ ಕೋರ್‌ಗೆ ಇನ್ನೂ ಐದು ಹೆಜ್ಜೆ ಇಳಿಸಿ, ಬಿದ್ದದ್ದಕ್ಕೆ ಐದು ಏರಿಸಿ.

ಎಎಂಡಿಯ ರೈಜೆನ್ ಮಾಸ್ಟರ್ ತಂತ್ರಾಂಶದಲ್ಲಿ ನಕ್ಷತ್ರ ಹಾಕಿರುವ ಒಳ್ಳೆಯ ಕೋರ್‌ಗಳೇ ಸಾಮಾನ್ಯವಾಗಿ ವೋಲ್ಟೇಜ್ ಇಳಿಕೆಯನ್ನು ಕಡಿಮೆ ಸಹಿಸುತ್ತವೆ. ವಿಚಿತ್ರ ಅನ್ನಿಸುತ್ತೆ ಅಲ್ವಾ? ಅವಕ್ಕೆ ಕಾರ್ಖಾನೆಯಲ್ಲೇ ಕಡಿಮೆ ವೋಲ್ಟೇಜ್ ಕೊಟ್ಟು, ಜಾಸ್ತಿ ಓಡಿಸುವ ಹಾಗೆ ಹೊಂದಿಸಿರುತ್ತಾರೆ, ಇನ್ನೂ ಹಿಂಡಲು ಉಳಿದಿರುವುದಿಲ್ಲ. ನನ್ನ ಚಿಪ್‌ನಲ್ಲಿ ಎರಡು ಕೋರ್ -8, ಉಳಿದವು -20ರ ಹತ್ತಿರ. ಇನ್ನೊಬ್ಬರ ನಂಬರ್ ನಿಮಗೆ ಕೆಲಸಕ್ಕೆ ಬರುವುದಿಲ್ಲ, ನನ್ನದೂ ಸೇರಿ.


ಹಳೇ ಜಂಪರ್:

ಮೇಲಿನವರು ರೀಸ್ಟಾರ್ಟ್ ಬಗ್ಗೆ ಸರಿಯಾಗಿ ಹೇಳಿದ್ದಾರೆ, ನಾನು ಬಿಸಿ ಬಗ್ಗೆ ಹೇಳುತ್ತೇನೆ.

ನಾನು ಈ ಹುಚ್ಚು ಹಿಡಿಸಿಕೊಂಡಿದ್ದು ಇಂಟೆಲ್ ಸೆಲೆರಾನ್ 300ಎ ಕಾಲದಲ್ಲಿ, 1998ರಲ್ಲಿ ಬಂದ ಚಿಪ್ಪು. ಬಸ್ ಸ್ಪೀಡ್ (ಚಿಪ್ಪು ಬೋರ್ಡಿನ ಜೊತೆ ಮಾತಾಡುವ ವೇಗ) 66ರಿಂದ 100ಕ್ಕೆ ಏರಿಸಿದರೆ 300 ಇದ್ದದ್ದು 450 ಮೆಗಾಹರ್ಟ್ಜ್. ಅರ್ಧಕ್ಕರ್ಧ ಲಾಭ! ಆಮೇಲೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಇಂಟೆಲ್ ಕ್ಯೂ6600 ತಗೊಂಡೆ, ಬಸ್ 266 ಇದ್ದದ್ದನ್ನು 333 ಮಾಡಿದರೆ 2.4 ಹೋಗಿ 3 ಗಿಗಾಹರ್ಟ್ಜ್. ಆ ಕಾಲದಲ್ಲಿ ಕಂಪನಿಯವರು ಬಹಳ ಜಾಗ ಬಿಟ್ಟು ಮಾರುತ್ತಿದ್ದರು, ನಾವು ಆ ಜಾಗ ತಿನ್ನುತ್ತಿದ್ದೆವು. ಈಗಿನ ಚಿಪ್ಪು ಪೆಟ್ಟಿಗೆಯಿಂದ ತೆಗೆದಾಗಲೇ ತನ್ನ ಬಿಸಿ, ಕರೆಂಟು, ವೋಲ್ಟೇಜು ನೋಡಿಕೊಂಡು ಕ್ಷಣಕ್ಷಣಕ್ಕೂ ತಾನೇ ಓವರ್‌ಕ್ಲಾಕ್ ಮಾಡಿಕೊಳ್ಳುತ್ತಿರುತ್ತದೆ. ನಮಗೆ ಉಳಿದಿರುವುದು ಪಾತ್ರೆ ತಳ ಕೆರೆಯುವ ಕೆಲಸ.

ನಿಮ್ಮ 4.7ರ ಲೆಕ್ಕ ನೋಡಿ. ಚಿಪ್ಪು ತಿನ್ನುವ ಪವರ್ ಕ್ಲಾಕ್ ಏರಿದಷ್ಟೇ ಏರುತ್ತದೆ, ಆದರೆ ವೋಲ್ಟೇಜ್ ಏರಿದ್ದರ ವರ್ಗದಷ್ಟು ಏರುತ್ತದೆ. 4.45 ಗಿಗಾಹರ್ಟ್ಜ್ 1.25 ವೋಲ್ಟ್‌ನಿಂದ 4.7, 1.375ಕ್ಕೆ ಹೋದಿರಿ ಅಂತಿಟ್ಟುಕೊಳ್ಳಿ. ವೇಗ ಹೆಚ್ಚಾಗಿದ್ದು ಶೇಕಡಾ ಐದೂವರೆ ಚಿಲ್ಲರೆ. ವೋಲ್ಟೇಜ್ ಶೇಕಡಾ 10 ಹೆಚ್ಚು, ಅದರ ವರ್ಗ 1.21, ಎರಡನ್ನೂ ಗುಣಿಸಿದರೆ ಬಿಸಿ ಶೇಕಡಾ 28ರಷ್ಟು ಜಾಸ್ತಿ. ಒಂದು ಗಂಟೆಯ ರೆಂಡರ್‌ನಲ್ಲಿ ಮೂರು ನಿಮಿಷ ಉಳಿಸಲು ಇಷ್ಟು ಬಿಸಿ ಕಟ್ಟಿಕೊಳ್ಳುವುದಾ? ನಿಮ್ಮ ಊರಿನ ಹತ್ತಿರ ಶಕ್ತಿನಗರದಲ್ಲಿ ಒಂದು ಶಾಖೋತ್ಪನ್ನ ಸ್ಥಾವರ ಇದೆ, ಸಾಕು, ಮನೆಯಲ್ಲಿ ಇನ್ನೊಂದು ಬೇಡ.

ಇನ್ನೊಂದು ಮಾತು. ಗಾಳಿಯದ್ದಾಗಲಿ, ನೀರಿನದ್ದಾಗಲಿ, ಕೂಲರ್ ಮಾಡುವುದು ಚಿಪ್ಪಿನ ಬಿಸಿಯನ್ನು ರೂಮಿನ ಗಾಳಿಗೆ ದಾಟಿಸುವುದಷ್ಟೇ. ಹಾಗಾಗಿ ನೋಡಬೇಕಾದದ್ದು ರೂಮಿಗಿಂತ ಎಷ್ಟು ಹೆಚ್ಚು ಅನ್ನುವುದನ್ನು. ಬೆಂಗಳೂರಿನಲ್ಲಿ 26 ಡಿಗ್ರಿ ರೂಮಿನಲ್ಲಿ 70 ತೋರಿಸುವ ಸೆಟ್ಟು ನಿಮ್ಮ 38ರಲ್ಲಿ 82 ತೋರಿಸುತ್ತದೆ, ಯಾರದ್ದೂ ತಪ್ಪಲ್ಲ. ಎಸಿ ರೂಮಿನಲ್ಲಿ ಕೂತು 'ನನಗೆ 65 ಬರುತ್ತೆ' ಅನ್ನುವವರ ವಿಡಿಯೊ ನೋಡಿ ಹೊಟ್ಟೆ ಉರಿಸಿಕೊಳ್ಳಬೇಡಿ. 5600ಎಕ್ಸ್‌ಗೆ ಮಿತಿ 95. ಬೇಸಿಗೆಯ ಮಧ್ಯಾಹ್ನ ಪೂರ್ತಿ ಭಾರದಲ್ಲಿ 85ರೊಳಗೆ ಇದ್ದರೆ ಆರಾಮಾಗಿ ನಿದ್ದೆ ಮಾಡಿ.

ಆ ವ್ರೇತ್ ಸ್ಟೆಲ್ತ್ ಅಲ್ಯೂಮಿನಿಯಂ ಮುದ್ದೆ, ಹೀಟ್ ಪೈಪ್ ಕೂಡ ಇಲ್ಲ. ಸ್ಟಾಕ್ (ಕಂಪನಿ ಇಟ್ಟ) ಮಿತಿ 76 ವ್ಯಾಟ್‌ಗೆ ಹೇಗೋ ಏಗುತ್ತದೆ. ಪಿಬಿಒ ಆನ್ ಮಾಡಿದಾಗ ಬೋರ್ಡು ಆ ಮಿತಿಯನ್ನೇ ತೆಗೆದು ಹಾಕಿರುತ್ತದೆ, ಪಾಪ ಅದೇನು ಮಾಡೀತು. ನಾಲ್ಕು ಹೀಟ್ ಪೈಪ್, 120 ಎಂಎಂ ಫ್ಯಾನ್ ಇರುವ ಒಂದು ಟವರ್ ಕೂಲರ್ ಸಾಕು, ಈ ಚಿಪ್ಪಿಗೆ ಲಿಕ್ವಿಡ್ ಎಲ್ಲ ಶೋಕಿ. ಜೊತೆಗೆ ಪಿಬಿಒ ಮಿತಿಯನ್ನು ಕೈಯಲ್ಲೇ ಹಾಕಿ, ಪಿಪಿಟಿ (ಪವರ್) 90 ವ್ಯಾಟ್, ಟಿಡಿಸಿ (ನಿರಂತರ ಕರೆಂಟು) 65 ಆಂಪ್, ಇಡಿಸಿ (ಕ್ಷಣಿಕ ಕರೆಂಟು) 100 ಆಂಪ್‌ನಿಂದ ಶುರು ಮಾಡಿ. ಮತ್ತೆ ಇದು ಗೊತ್ತಿರಲಿ, ಪಿಬಿಒನಿಂದ ಚಿಪ್ಪು ಹಾಳಾದರೆ ಎಎಂಡಿ ವಾರಂಟಿ ಕೊಡುವುದಿಲ್ಲ.


ಉಪ್ಪುಗಾಳಿ:

ಕೂಲರ್ ಬದಲಾಯಿಸುವ ಮೊದಲು ಇದನ್ನು ಓದಿ ಮಾರಾಯ್ರೆ, ಇಲ್ಲದಿದ್ದರೆ ನನ್ನ ಗತಿ ಆಗುತ್ತದೆ.

ನಿಮ್ಮ ಬೋರ್ಡಿನದು ಎಎಂ4 ಸಾಕೆಟ್, ಅದರಲ್ಲಿ ಪಿನ್ನುಗಳಿರುವುದು ಪ್ರೊಸೆಸರ್‌ನ ಅಡಿಯಲ್ಲಿ. ಚಿಪ್‌ಗೂ ಕೂಲರ್‌ಗೂ ನಡುವಿನ ಹಳೇ ಪೇಸ್ಟ್ ಒಣಗಿ ಗಮ್ಮಿನ ಹಾಗೆ ಹಿಡಿದುಕೊಂಡಿರುತ್ತದೆ. ನಾನು ಸ್ಕ್ರೂ ತೆಗೆದು ಕೂಲರನ್ನು ನೇರ ಮೇಲಕ್ಕೆ ಎಳೆದೆ, ಲಿವರ್ ಹಾಕಿದ್ದ ಹಾಗೇ ಪ್ರೊಸೆಸರ್ ಕೂಡ ಹಲ್ಲು ಕಿತ್ತ ಹಾಗೆ ಬಂತು. ಏಳೆಂಟು ಪಿನ್ ಬಗ್ಗಿದವು. ಕಡ್ಡಿ ತೆಗೆದ ಕ್ಲಿಕ್ ಪೆನ್ಸಿಲಿನ ಖಾಲಿ ತುದಿ ಹಾಕಿ ಒಂದೊಂದನ್ನೇ ನೆಟ್ಟಗೆ ಮಾಡುವಾಗ ಬೆವರಿದ್ದು ನಮ್ಮ ಮಂಗಳೂರಿನ ಸೆಕೆಗೆ ಅಲ್ಲ. ಆದ್ದರಿಂದ ಮೊದಲು ಹತ್ತು ನಿಮಿಷ ಸಿನಿಬೆಂಚ್ ಓಡಿಸಿ ಪೇಸ್ಟ್ ಬಿಸಿ ಮಾಡಿ. ಆಫ್ ಮಾಡಿ, ಪ್ಲಗ್ ತೆಗೆದು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲ ತಿರುಗಿಸಿ. ಅದು ಸಡಿಲ ಆದ ಮೇಲೇ ಎತ್ತುವುದು.

ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕೀಳಲು ಮರೆಯಬೇಡಿ, ನಗಬೇಡಿ, ಮರೆತವರು ಬೇಕಾದಷ್ಟು ಜನ ಇದ್ದಾರೆ.

ಸ್ಟಾಕ್ ಕೂಲರ್ ಗಾಳಿಯನ್ನು ಕೆಳಕ್ಕೆ ಊದುತ್ತದೆ, ಬೋರ್ಡಿನ ವಿಆರ್‌ಎಂಗೂ (ಪ್ರೊಸೆಸರ್‌ಗೆ ವೋಲ್ಟೇಜ್ ಕೊಡುವ ಭಾಗ) ಸ್ವಲ್ಪ ತಾಗುತ್ತದೆ. ಟವರ್ ಹಾಕಿದರೆ ಗಾಳಿ ಅಡ್ಡ ಹೋಗುತ್ತದೆ, ವಿಆರ್‌ಎಂಗೆ ಸಿಗುವುದಿಲ್ಲ. ಕ್ಯಾಬಿನೆಟ್ ಹಿಂದೆ ಒಂದು ಫ್ಯಾನ್ ಇರಲೇಬೇಕು, ಮುಂದೆ ಎರಡಾದರೆ ಒಳ್ಳೆಯದು. ಮುಂದೆ ಪೂರ್ತಿ ಗಾಜು ಇರುವ ಚಂದದ ಕ್ಯಾಬಿನೆಟ್ ಆದರೆ ಆ ಗಾಜು ತೆಗೆದು ಒಮ್ಮೆ ಟೆಸ್ಟ್ ಮಾಡಿ ನೋಡಿ, ಐದಾರು ಡಿಗ್ರಿ ಇಳಿದರೆ ಕಳ್ಳ ಅದೇ. ಆ ನೀರಿನ ಕೂಲರನ್ನು ಮಾತ್ರ ಕ್ಯಾಬಿನೆಟ್ ಕಡೆ ತಿರುಗಿಸಬೇಡಿ, ಒದ್ದೆ ಗಾಳಿಗೆ ಧೂಳು ಹೀಟ್‌ಸಿಂಕ್ ಮೇಲೆ ಕೆಸರಿನ ಹಾಗೆ ಅಂಟುತ್ತದೆ.

ರೈಜೆನ್ ಬಿಸಿ ಒಂದು ಸೆಕೆಂಡಿನಲ್ಲಿ ಹತ್ತು ಹದಿನೈದು ಡಿಗ್ರಿ ಹಾರಿ ಇಳಿಯುತ್ತದೆ. ಫ್ಯಾನ್ ಅದರ ಹಿಂದೆಯೇ ಓಡಿ ವುಯ್ ವುಯ್ ಅನ್ನುತ್ತದೆ. ಬಯಾಸ್‌ನ ಫ್ಯಾನ್ ಸೆಟ್ಟಿಂಗ್‌ನಲ್ಲಿ ಸ್ಟೆಪ್ ಅಪ್ ಟೈಮ್ ಅಂತ ಇದ್ದರೆ ಮೂರು ನಾಲ್ಕು ಸೆಕೆಂಡ್ ಕೊಡಿ. ಕಿವಿಗೆ ನೆಮ್ಮದಿ.


ರೆಂಡರ್ ಬಾಕಿ:

ನಾನೂ ಮದುವೆ ವಿಡಿಯೊ ಎಡಿಟ್ ಮಾಡುವವಳೇ, ಹುಬ್ಬಳ್ಳಿ. ಯಾರೂ ಕೇಳದ ಪ್ರಶ್ನೆ ಕೇಳುತ್ತೇನೆ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಮೆಮೊರಿ ಒತ್ತಿ. ಸ್ಪೀಡ್ ಎಷ್ಟು ಅಂತಿದೆ? ರ್‍ಯಾಮ್ ಡಬ್ಬದ ಮೇಲೆ 3200 ಅಂತ ಬರೆದಿದ್ದರೂ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಡಬ್ಬದ ಮೇಲಿನ ವೇಗ ತಂದುಕೊಡುವ ಸೆಟ್ಟಿಂಗ್) ಆನ್ ಮಾಡುವ ತನಕ ಸಾಮಾನ್ಯವಾಗಿ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. ನೀವು ಪ್ರೊಸೆಸರ್ ಬಗ್ಗೆ ಇಷ್ಟುದ್ದ ಬರೆದಿದ್ದೀರಿ, ರ್‍ಯಾಮ್ ನಿಜಕ್ಕೂ ಯಾವ ವೇಗದಲ್ಲಿ ಓಡುತ್ತಿದೆ ಅಂತ ಒಂದು ಮಾತಿಲ್ಲ, ಅದಕ್ಕೇ ಅನುಮಾನ.

ಆನ್ ಮಾಡುವುದಾದರೆ ಒಂದೇ ಸಲ ಎಲ್ಲ ಬದಲಾಯಿಸಬೇಡಿ ಪ್ಲೀಸ್. ಮೊದಲು ಪ್ರೊಸೆಸರ್ ಸ್ಟಾಕ್‌ಗೆ ತನ್ನಿ, ಎಕ್ಸ್‌ಎಂಪಿ ಹಾಕಿ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ನಾಲ್ಕು ಪಾಸ್ (ಸುತ್ತು) ಓಡಿಸಿ, ಒಂದೂ ಎರರ್ ಬರಬಾರದು. ಆಮೇಲೆ ಕರ್ವ್ ಮುಟ್ಟಿ. ಎರಡೂ ಒಟ್ಟಿಗೆ ಮಾಡಿದರೆ ಬಿದ್ದಾಗ ಯಾರು ಬಿದ್ದರು ಅಂತಲೇ ಗೊತ್ತಾಗುವುದಿಲ್ಲ. ನಾನು ಹೇಳುವುದು ಅನುಭವದಿಂದ. 3600ರ ರ್‍ಯಾಮನ್ನು 3800ಕ್ಕೆ ಎಳೆದು, ಗೇಮ್ ಓಡುತ್ತೆ ಅಂತ ಟೆಸ್ಟ್ ಮಾಡದೆ ಬಿಟ್ಟೆ. ಮೆಷಿನ್ ಒಂದು ದಿನವೂ ಬೀಳಲಿಲ್ಲ. ಆದರೆ ಎರಡು ವಾರ ಆದ ಮೇಲೆ ಒಂದು ಪ್ರಾಜೆಕ್ಟ್ ಫೈಲ್ ತೆರೆಯಲೇ ಇಲ್ಲ, ಬ್ಯಾಕಪ್ ಕೂಡ ಅದೇ ಮೆಷಿನ್‌ನಿಂದ ಕಾಪಿ ಆಗಿದ್ದು. ಮಾಂಗಲ್ಯಧಾರಣೆಯ ಭಾಗ ಇಡೀ ಮತ್ತೆ ಕಟ್ ಮಾಡಿದೆ. ಕ್ರ್ಯಾಶ್ ಆಗುವ ಮೆಷಿನ್ ವಾಸಿ, ಕನಿಷ್ಠ ಹೇಳಿ ಬೀಳುತ್ತದೆ.

ಆರನೇ ಕೋರ್ ಅವರು ಹೇಳಿದ್ದಕ್ಕೆ ನನ್ನದೊಂದು ತಕರಾರು. ಒಂದೊಂದೇ ಕೋರ್‌ಗೆ ರಾತ್ರಿಗಟ್ಟಲೆ ಟೆಸ್ಟ್ ಮಾಡುವುದು ಹವ್ಯಾಸಕ್ಕೆ ಸರಿ. ಸೀಸನ್‌ನಲ್ಲಿ ದಿನಕ್ಕೊಂದು ಮದುವೆ ಇರುವವರು ಎಲ್ಲಕ್ಕೂ -10 ಹಾಕಿ ಬಿಟ್ಟರೆ ಸಾಕು, ಉಳಿದ ಲಾಭ ಶೇಕಡಾ ಒಂದೋ ಎರಡೋ.


ಆರನೇ ಕೋರ್:

ತಕರಾರು ಒಪ್ಪಿದೆ, ಅರ್ಧ. -10ರಲ್ಲೂ ಬೀಳುವ ಕೋರ್ ಕಂಡಿದ್ದೇನೆ, ಹಾಗಾಗಿ ಒಂದು ರಾತ್ರಿಯಾದರೂ ಟೆಸ್ಟ್ ಬೇಕೇ ಬೇಕು. ರ್‍ಯಾಮ್ ವಿಷಯ ನನಗೆ ಹೊಳೆಯಲೇ ಇಲ್ಲ, ಒಳ್ಳೆಯ ಮಾತು.


ಬಿಸಿಲೂರು:

ಎಲ್ಲರಿಗೂ ಥ್ಯಾಂಕ್ಸ್, ಹತ್ತು ದಿನ ಆಯಿತು, ಈಗ ವರದಿ ಒಪ್ಪಿಸುತ್ತೇನೆ.

ಮೊದಲು ನಾಚಿಕೆಯ ವಿಷಯ. ಹುಬ್ಬಳ್ಳಿಯ ಅಕ್ಕ ಹೇಳಿದ್ದು ಸರಿ, ರ್‍ಯಾಮ್ 2400ರಲ್ಲಿ ಓಡುತ್ತಿತ್ತು. ತಗೊಂಡು ಎರಡು ವರ್ಷ! ಎಕ್ಸ್‌ಎಂಪಿ ಹಾಕಿದೆ, ಮೆಮ್‌ಟೆಸ್ಟ್ ನಾಲ್ಕು ಪಾಸ್ ಕ್ಲೀನ್. ಟೈಮ್‌ಲೈನ್ ಎಳೆದಾಡುವಾಗಿನ ತಡವರಿಕೆ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದೆ. ಗೇಮ್‌ನಲ್ಲಂತೂ ಓವರ್‌ಕ್ಲಾಕ್‌ಗಿಂತ ಇದರಿಂದಲೇ ಜಾಸ್ತಿ ಲಾಭ.

ಡಬ್ಲ್ಯುಎಚ್‌ಇಎ-ಲಾಗರ್ 18 ಮೂರೂ ಸಲ ಇತ್ತು. ಐಡಿ 4, 5, ಮತ್ತೆ 4. ಅಂದರೆ ಕೋರ್ 2. ರೈಜೆನ್ ಮಾಸ್ಟರ್‌ನಲ್ಲಿ ನಕ್ಷತ್ರ ಇರುವುದೂ ಅದಕ್ಕೇ. ಎಸ್‌ಎಂಪಿಎಸ್ ದುಡ್ಡು ಉಳಿಯಿತು, ಅದರಲ್ಲೇ ಟವರ್ ಕೂಲರ್ ಬಂತು. ಹಳೆಯದನ್ನು ಬಿಸಿ ಮಾಡಿ ತಿರುಗಿಸಿಯೇ ತೆಗೆದೆ, ಆದರೂ ಬಿಡುವಾಗ ಟಕ್ ಅಂದ ಶಬ್ದಕ್ಕೆ ಜೀವ ಬಾಯಿಗೆ ಬಂದಿತ್ತು.

ಕೋರ್‌ಸೈಕ್ಲರ್ ಮೊದಲ ರಾತ್ರಿ ಒಂದು ತಮಾಷೆ ಆಯಿತು. ಬೆಳಿಗ್ಗೆ ನೋಡಿದರೆ ಮೆಷಿನ್ ಆಫ್. ಎಲ್ಲ ಕೋರ್‌ಗೂ +5 ಏರಿಸಿ ಬೇಜಾರಲ್ಲಿ ಕೂತಿದ್ದೆ, ಅಮ್ಮ ಬಂದು 'ರಾತ್ರಿ ಎರಡು ತಾಸು ಕರೆಂಟ್ ಇರಲಿಲ್ಲ, ನಿನಗೆ ಎಚ್ಚರವೇ ಆಗಲಿಲ್ಲ' ಅಂದರು. ಇವೆಂಟ್ ವ್ಯೂವರ್‌ನಲ್ಲಿ 41 ಮಾತ್ರ ಇತ್ತು, 18 ಇರಲಿಲ್ಲ. ಇದನ್ನು ಮೊದಲೇ ಹೇಳಿದ್ದರು, ನಾನು ನೋಡಲಿಲ್ಲ.

ಕೊನೆಗೆ ನಿಂತಿದ್ದು: ಕೋರ್ 2ಕ್ಕೆ -7, ಕೋರ್ 4ಕ್ಕೆ -12, ಉಳಿದ ನಾಲ್ಕಕ್ಕೆ -20. ಬೂಸ್ಟ್ ಎಕ್ಸ್‌ಟ್ರಾ ಸೊನ್ನೆ. ಪಿಪಿಟಿ 90. 37 ಡಿಗ್ರಿ ರೂಮಿನಲ್ಲಿ ಅರ್ಧ ಗಂಟೆ ಸಿನಿಬೆಂಚ್ ಓಡಿದರೂ 81 ದಾಟಲಿಲ್ಲ, ಕ್ಲಾಕ್ 4.55ರ ಸುತ್ತ. ಸ್ಕೋರ್ ಸ್ಟಾಕ್‌ನಲ್ಲಿ 10,900 ಬರುತ್ತಿದ್ದದ್ದು ಈಗ 11,600. ಐದು ದಿನದಿಂದ ಒಂದು ಸಲವೂ ಬಿದ್ದಿಲ್ಲ. -30 ಇದ್ದಾಗಿನ ಸ್ಕೋರ್ ಇದಕ್ಕಿಂತ ಕಡಿಮೆ ಇತ್ತು ಅನ್ನುವುದು ಈಗ ಹಳೇ ಸ್ಕ್ರೀನ್‌ಶಾಟ್ ನೋಡಿದಾಗ ಗೊತ್ತಾಯಿತು. ಬಿಸಿಗೆ ವೇಗ ಇಳಿಸಿಕೊಳ್ಳುತ್ತಿತ್ತು ಅನ್ನುವುದೊಂದೇ ಕಾರಣವಾ?


ಆರನೇ ಕೋರ್:

ಬಿಸಿ ಮುಖ್ಯ ಕಾರಣ. ಇನ್ನೊಂದೂ ಇರಬಹುದು. ವೋಲ್ಟೇಜ್ ಸಾಲದಾದಾಗ ಈ ಚಿಪ್ ಬೀಳುವ ಬದಲು ಕೆಲವೊಮ್ಮೆ ಕ್ಲಾಕನ್ನು ಒಳಗೊಳಗೇ ಎಳೆದು ಉದ್ದ ಮಾಡುತ್ತದೆ. ಹೊರಗೆ 4.6 ತೋರಿಸುತ್ತದೆ, ನಿಜವಾದ ಕೆಲಸ ಅದಕ್ಕಿಂತ ಕಡಿಮೆ. ಎಚ್‌ಡಬ್ಲ್ಯುಇನ್ಫೋ ಅನ್ನುವ ತಂತ್ರಾಂಶದಲ್ಲಿ ಎಫೆಕ್ಟಿವ್ ಕ್ಲಾಕ್ ಅಂತ ಬೇರೆ ಸಾಲಿದೆ, ಪೂರ್ತಿ ಭಾರದಲ್ಲಿ ಎರಡೂ ಹತ್ತಿರ ಹತ್ತಿರ ಇರಬೇಕು. 50-60 ಮೆಗಾಹರ್ಟ್ಜ್‌ಗಿಂತ ಜಾಸ್ತಿ ಅಂತರ ಕಂಡರೆ ಕರ್ವ್ ಇನ್ನೂ ಜಾಸ್ತಿ ಕತ್ತರಿಸಿದ್ದೀರಿ ಅಂತ.


ಹಳೇ ಜಂಪರ್:

81 ಚೆನ್ನಾಗಿದೆ. ಒಂದು ಮಾತು ಬರೆದಿಟ್ಟುಕೊಳ್ಳಿ. ಚಿಪ್ಪು ತಣ್ಣಗಿದ್ದಷ್ಟೂ ಜಾಸ್ತಿ ಬೂಸ್ಟ್ ಆಗುತ್ತದೆ. ಬೇಸಿಗೆಯಲ್ಲಿ ಪಾಸಾದ ಕೋರ್ 2 ಚಳಿಗಾಲದಲ್ಲಿ ಇನ್ನೂ ಮೇಲೆ ಹಾರಿ ಬೀಳಬಹುದು. ಡಿಸೆಂಬರ್‌ನಲ್ಲಿ ಇನ್ನೊಂದು ರಾತ್ರಿ ಕೋರ್‌ಸೈಕ್ಲರ್ ಓಡಿಸಿ.


ಬಿಸಿಲೂರು:

ಓಡಿಸುತ್ತೇನೆ ಸರ್. ಆದರೆ ರಾಯಚೂರಿನಲ್ಲಿ ಚಳಿಗಾಲ ಅಂದರೆ ಯಾವ ದಿನ ಅಂತ ಮೊದಲೇ ತಿಳಿಸಿದರೆ ರಜೆ ಹಾಕಿಕೊಳ್ಳುತ್ತಿದ್ದೆ.